ತಪ್ಪು ಅಜ್ಜಿಯ ಕಿವಿಯದಲ್ಲ, ನಿಮ್ಮ ಹಾಲ್‌ನದು

ಊರಲ್ಲಿ ಹೊಸ ಆರ್‌ಸಿಸಿ ಮನೆ ಕಟ್ಟಿದವರು ಬಂದವರಿಗೆ ಎರಡು ವಸ್ತು ತೋರಿಸುತ್ತಾರೆ. ಒಂದು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ಇನ್ನೊಂದು, ಟಿವಿ ಪಕ್ಕದ ಹೋಮ್ ಥಿಯೇಟರ್. ಈ ಎರಡಕ್ಕೂ ಆಗಿಬರುವುದಿಲ್ಲ ಎಂದು ಟೈಲ್ಸ್ ಮಾರಿದವರೂ ಹೇಳಿರುವುದಿಲ್ಲ, ಹೋಮ್ ಥಿಯೇಟರ್ ಮಾರಿದವರೂ ಹೇಳಿರುವುದಿಲ್ಲ.

ಸೆಟ್ ಹಚ್ಚಿದರೆ ಧಾರಾವಾಹಿಯ ಮಾತು ಬಾವಿಯೊಳಗಿಂದ ಬಂದಂತಿರುತ್ತದೆ. ಅಜ್ಜಿ ಮೂರು ಸಲ "ಏನಂದ್ಳು?" ಅಂತ ಕೇಳುತ್ತಾಳೆ. ಅಜ್ಜಿಗೆ ಕಿವಿ ಮಂದವಾಯಿತು ಎಂದು ಮನೆಯವರ ತೀರ್ಮಾನ. ಸೌಂಡ್ ಸಾಲದು, ಇನ್ನೂ ದೊಡ್ಡ ಸೆಟ್ ಬೇಕು ಎಂದು ಮೊಮ್ಮಗನ ತೀರ್ಮಾನ. ಕಂತಿನ ಮೇಲೆ ದೊಡ್ಡ ಸೆಟ್ ಬರುತ್ತದೆ. ಅಜ್ಜಿಗೆ ಮೊದಲು ಕೇಳಿಸುತ್ತಿದ್ದ ನಾಲ್ಕು ಮಾತೂ ಈಗ ಕೇಳಿಸುವುದಿಲ್ಲ.

ಇದು ಕೋಣೆಯ ರೋಗ. ಔಷಧಿಯನ್ನು ಮಾತ್ರ ಬಾಕ್ಸ್‌ಗೆ ಕೊಡುತ್ತಿದ್ದೇವೆ ಅನ್ನುವುದು ನಮ್ಮ ತಕರಾರು.

ನಂಬದಿದ್ದರೆ ಹಾಲ್ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯಿರಿ. "ಟಪ್" ಎಂದು ನಿಲ್ಲದೆ "ಟರ್ರ್" ಎಂದು ಎಳೆದರೆ ಅದೇ ರೋಗ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗೋಡೆಗಳ ನಡುವೆ 12 ಅಡಿ ಇದ್ದರೆ ಒಂದು ಸೆಕೆಂಡಿನಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಗೋಡೆಗೆ ಬಡಿಯುತ್ತದೆ. ಸಿಮೆಂಟ್ ಗಾರೆ, ಟೈಲ್ಸ್, ಗಾಜು ಇವು ಪ್ರತಿ ಬಡಿತಕ್ಕೆ ನೂರರಲ್ಲಿ ಎರಡು ಮೂರು ಪಾಲು ಮಾತ್ರ ಹೀರುತ್ತವೆ, ಉಳಿದದ್ದನ್ನೆಲ್ಲ ವಾಪಸ್ ಎಸೆಯುತ್ತವೆ. ಹಿಂದಿನ ಅಕ್ಷರ ಸಾಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ. ಕ, ತ, ಪ, ಸ ಥರದ ಸಣ್ಣ ದನಿಗಳು ಮೊದಲು ಮುಚ್ಚಿಹೋಗುತ್ತವೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಇವನ್ನೇ. ಅಜ್ಜಿಯ ಕಿವಿ ತಪಾಸಣೆ ಮಾಡಿಸಿ, ಬೇಡ ಅನ್ನುವುದಿಲ್ಲ. ಗೋಡೆಯನ್ನೂ ತಪಾಸಣೆ ಮಾಡಿ.

ಹಂಚಿನ ಮನೆಯಲ್ಲಿ ಈ ಕಾಟ ಇಷ್ಟಿರಲಿಲ್ಲ. ಹಂಚಿನ ಸಂದಿಯಿಂದ ಸದ್ದು ಹೊರಗೆ ಹೋಗುತ್ತಿತ್ತು. ಪಡಸಾಲೆಯಲ್ಲಿ ಜೋಳದ ಚೀಲ, ಮೂಲೆಯಲ್ಲಿ ಹಾಸಿಗೆ ರಾಶಿ, ಹಗ್ಗದ ಮೇಲೆ ಬಟ್ಟೆ. ಅಕೌಸ್ಟಿಕ್ ಟ್ರೀಟ್‌ಮೆಂಟ್ ಎಂದು ಪಟ್ಟಣದಲ್ಲಿ ಈಗ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ಅವು ಪುಕ್ಕಟೆ ಮಾಡುತ್ತಿದ್ದವು.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ವಾಲೆಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಕಟ್ಟಡದ ಉಪನ್ಯಾಸ ಕೊಠಡಿಯಲ್ಲಿ ಪಾಠ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಸಬೈನ್ ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸುತ್ತ, ಗಡಿಯಾರ ಹಿಡಿದು ಅಳೆದರು. ಮೆತ್ತೆ ಹೆಚ್ಚಿದಂತೆ ಗುಂಯ್ ಸುಮಾರು ಒಂದು ಸೆಕೆಂಡಿಗೆ ಇಳಿಯಿತು. ಹೀರುವ ಶಕ್ತಿ ಅಳೆಯಲು ಅವರು ಇಟ್ಟುಕೊಂಡ ಮಾನ ಯಾವುದು ಗೊತ್ತೇ? ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ.

ಅವರ ಸೂತ್ರದಿಂದ ನಾವೂ ಲೆಕ್ಕ ಹಾಕಿದೆವು. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಖಾಲಿ ಟೈಲ್ಸ್ ಹಾಲ್‌ನಲ್ಲಿ ಸದ್ದು ಸಾಯಲು 3 ಸೆಕೆಂಡಿಗೂ ಹೆಚ್ಚು ಬೇಕು. ಎರಡು ಕಿಟಕಿ, ಒಂದು ಬಾಗಿಲು ತೆರೆದರೆ ಒಂದೂವರೆ ಸೆಕೆಂಡಿನೊಳಗೆ ಬರುತ್ತದೆ. ಖರ್ಚು ಸೊನ್ನೆ.

ಈಗ ವ್ಯಾಟ್ ವ್ಯಾಪಾರ ನೋಡೋಣ. ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಎಂಪಿಒ ಅಂದಿರುತ್ತಾರೆ. ಅದು ಜಾಹೀರಾತಿನ ಸಂಖ್ಯೆ. ಆರ್‌ಎಂಎಸ್ ಎಷ್ಟು ಎಂದು ಕೇಳಿ, ಅಂಗಡಿಯವರ ಮುಖ ನೋಡಿ. ನಿಜವಾದ ವ್ಯಾಟ್ ದುಪ್ಪಟ್ಟಾದರೂ ಏರುವುದು 3 ಡೆಸಿಬಲ್. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ಕೊಟ್ಟರೂ ಮಾತಿನ ಜೊತೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಕೆಸರು ನೀರನ್ನು ದೊಡ್ಡ ಕೊಡಕ್ಕೆ ಸುರಿದರೆ ತಿಳಿಯಾಗುತ್ತದೆಯೇ?

ಮಾಡಬೇಕಾದ್ದು ಬೇರೆ. ನೀವು ಕೂರುವ ಜಾಗದಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲು ಹೇಳಿ. ಎಲ್ಲಿ ಕನ್ನಡಿಯಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿಂದಲೇ ಸದ್ದು ಬಡಿದು ನಿಮ್ಮ ಕಿವಿಗೆ ಬರುವುದು. ಅಲ್ಲಿ ದಪ್ಪ ಕೌದಿ ತೂಗುಹಾಕಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಸಂದಿ ಬಿಟ್ಟರೆ ಇನ್ನೂ ಚೆನ್ನಾಗಿ ಹೀರುತ್ತದೆ. ಎದುರು ಗೋಡೆಗೂ ಹಾಗೇ. ಸ್ಪೀಕರ್ ಮುಂದಿನ ನೆಲಕ್ಕೆ ಜಮಖಾನ. ಹಿಂದಿನ ಗೋಡೆಗೆ ಒರಗಿ ಕೂರಬೇಡಿ, ಎರಡು ಮೂರು ಅಡಿ ಮುಂದೆ ಬನ್ನಿ. ಬಟ್ಟೆಯನ್ನು ಸ್ವಿಚ್ ಬೋರ್ಡಿನಿಂದ, ದೇವರ ದೀಪದಿಂದ ದೂರ ಇಡಿ.

ಬಾಸ್ ಬೇರೆ ಜಾತಿ. 100 ಹರ್ಟ್ಸ್‌ನ ಒಂದು ಅಲೆ ಹತ್ತಿರ ಹತ್ತಿರ ಮೂರೂವರೆ ಮೀಟರ್ ಉದ್ದ, ತೆಳು ಪರದೆಗೆ ಅದು ಬಗ್ಗುವುದಿಲ್ಲ. ಬಾಸ್ ಬಾಕ್ಸ್ ಮೂಲೆಯಲ್ಲಿದ್ದರೆ ಅಲ್ಲಿಂದ ತೆಗೆಯಿರಿ, ಮೂಲೆ ಅದನ್ನು ಉಬ್ಬಿಸುತ್ತದೆ. ಖಾಲಿಯಾದ ಮೂಲೆಯಲ್ಲಿ ಹತ್ತಿ ಗಾದಿ ಸುತ್ತಿ ನಿಲ್ಲಿಸಿ. ಮೊಬೈಲಿನಲ್ಲಿ ತೋರಿಸುವ ಮೊಟ್ಟೆ ಟ್ರೇ, ಥರ್ಮಾಕೋಲ್ ನಂಬಬೇಡಿ. ಹೀರುವುದು ಅಷ್ಟಕ್ಕಷ್ಟೇ, ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ಇನ್ನೊಂದು ಮಾತು, ಕೌದಿ ಕಟ್ಟಿದರೆ ಪಕ್ಕದ ಮನೆಗೆ ಸದ್ದು ಹೋಗುವುದು ನಿಲ್ಲುವುದಿಲ್ಲ. ಅದಕ್ಕೆ ವಾಲ್ಯೂಮ್ ಗುಂಡಿಯೇ ಮದ್ದು.

ಇಷ್ಟಕ್ಕೆ "ಚೆಂದದ ಹಾಲ್‌ನಲ್ಲಿ ಕೌದಿ ತೂಗುಹಾಕೋದಾ?" ಅನ್ನುವವರಿದ್ದಾರೆ. ನಮ್ಮ ಅವ್ವಂದಿರು ಕೂತು ಹೊಲೆದ ಕೌದಿ ಗೋಡೆಗೆ ಅವಮಾನವೇ? ಪಟ್ಟಣದ ಹೋಟೆಲ್‌ಗಳು ಅದನ್ನೇ ಅಲಂಕಾರಕ್ಕೆ ಕಟ್ಟುತ್ತವೆ.

ಮನೆಯ ಹಾಲ್ ಬಿಡಿ, ಅದು ನಿಮ್ಮ ದುಡ್ಡು. ಸಮುದಾಯ ಭವನ ಎಲ್ಲರ ದುಡ್ಡು. ಅಲ್ಲೂ ಇದೇ ಟೈಲ್ಸ್, ಇದೇ ಗಾರೆ, ಮೇಲೆ ತಗಡು. ಗ್ರಾಮಸಭೆಯಲ್ಲಿ ಮನೆ ಫಲಾನುಭವಿಗಳ ಪಟ್ಟಿ ಓದುವಾಗ ಹಿಂದಿನ ಸಾಲಿನ ಹೆಣ್ಣುಮಕ್ಕಳಿಗೆ ಕೇಳುವುದು ಬರೀ ಗದ್ದಲ. ಹೆಸರೇ ಕೇಳಿಸದವರು ಆಕ್ಷೇಪ ಎತ್ತುವುದು ಹೇಗೆ? ನಡಾವಳಿಯಲ್ಲಿ ಮಾತ್ರ "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆಯುತ್ತಾರೆ. ದೂರು ಹೇಳಿದರೆ ಮುಂದಿನ ವರ್ಷ ಇನ್ನೆರಡು ಬಾಕ್ಸ್ ಬರುತ್ತವೆ, ಬಿಲ್ಲೂ ಬರುತ್ತದೆ. ಹೊಸ ಬಾಕ್ಸ್‌ಗೆ ಠರಾವು ಮಂಡಿಸಿದ ದಿನ ಎದ್ದು ನಿಂತು, ಎಲ್ಲರ ಎದುರು ಒಂದು ಚಪ್ಪಾಳೆ ಹೊಡೆದು ತೋರಿಸಿ. ಆ ದುಡ್ಡಿನಲ್ಲಿ ಹಿಂದಿನ ಗೋಡೆಗೆ ದಪ್ಪ ಪರದೆ, ಕೆಳಗೆ ಜಮಖಾನ ಹಾಕಿಸಿ ಎಂದು ಬರೆದುಕೊಡಿ. ಸ್ವೀಕೃತಿ ಸಹಿ ಪಡೆಯುವುದನ್ನು ಮರೆಯಬೇಡಿ.