ಕಚ್ಚಿಕೊಂಡ ಬೋಲ್ಟು ಮತ್ತು ವಿಜ್ಞಾನದ ವಿದ್ಯಾರ್ಥಿ

ವಿಜ್ಞಾನವನ್ನು ವ್ಯಾಸಂಗ ಮಾಡುತ್ತಿರುವ ನಮ್ಮ ತರುಣ ತರುಣಿಯರಲ್ಲಿ ಬಹುಮಂದಿಯ ಮನೆಗಳಲ್ಲಿ ಬೈಸಿಕಲ್ಲೋ ಮೋಟಾರ್ ಸೈಕಲ್ಲೋ ಇದ್ದೇ ಇರುತ್ತದೆ. ರಜೆಯ ದಿನ ಅದನ್ನು ತಾವೇ ಬಿಚ್ಚಿ ದುರಸ್ತಿ ಮಾಡಬೇಕೆಂದು ಹೊರಟವರಿಗೆ ಎದುರಾಗುವ ಮೊದಲನೆಯ ತೊಡಕು, ತುಕ್ಕು ಹಿಡಿದು ಕಚ್ಚಿಕೊಂಡು ಕುಳಿತ ಒಂದು ಬೋಲ್ಟು. ಸ್ಪ್ಯಾನರು ಹಾಕಿ ಎಳೆದರೆ ಅದು ಕದಲುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದೇನು? ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆಯೊಂದನ್ನು ಸಿಕ್ಕಿಸಿ, ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕುತ್ತಾರೆ. ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಮೈ ಮಾತ್ರ ಎಂಜಿನಿನೊಳಗೆ ಹೂತುಕೊಂಡು ಉಳಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾಗಿದ್ದ ಕೆಲಸವು ಅನೇಕ ದಿನಗಳ ಕೆಲಸವಾಗಿ ಪರಿಣಮಿಸುತ್ತದೆ.

ಹೀಗೆ ಬೋಲ್ಟನ್ನು ಮುರಿದ ವಿದ್ಯಾರ್ಥಿಯು ಸನ್ನೆಯ ತತ್ತ್ವವನ್ನು ಬಲ್ಲವನೇ. ಘರ್ಷಣೆಯ ನಿಯಮಗಳನ್ನೂ, ಉಷ್ಣದಿಂದ ಲೋಹಗಳು ಹಿಗ್ಗುವ ಲೆಕ್ಕವನ್ನೂ, ತುಕ್ಕಿನ ರಸಾಯನವನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನೇ. ಈ ನಾಲ್ಕೂ ಆ ಒಂದು ಬೋಲ್ಟಿನಲ್ಲಿ ಕೂಡಿಬಂದಿದ್ದವು. ಆದರೆ ಅವು ಅವನ ನೆರವಿಗೆ ಬರಲಿಲ್ಲ. ಕಾರಣವನ್ನು ವಿಚಾರಿಸದೆ ಬಲವನ್ನು ಪ್ರಯೋಗಿಸುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ನಡತೆಯಲ್ಲವೆಂದೂ, ಕಾರಣವನ್ನು ವಿಚಾರಿಸುವ ಈ ಅಭ್ಯಾಸವನ್ನು ಕೈಗೆ ಕಲಿಸದೆ ಬಿಟ್ಟಿರುವುದು ನಮ್ಮ ಶಿಕ್ಷಣದ ದೊಡ್ಡ ಲೋಪವೆಂದೂ ನಮ್ಮ ಅಭಿಪ್ರಾಯ.

ಬೋಲ್ಟು ಏಕೆ ಕಚ್ಚಿಕೊಳ್ಳುತ್ತದೆ? ಮೊದಲು ಅದನ್ನು ನೋಡೋಣ. ಬೋಲ್ಟನ್ನು ಬಿಗಿಯುವಾಗ ನಾವು ಹಾಕುವ ತಿರುಗುಬಲದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ನೂರಕ್ಕೆ ಐವತ್ತು ಪಾಲು ತಲೆಯ ಕೆಳಗಿನ ಘರ್ಷಣೆಗೂ, ನಲವತ್ತು ಪಾಲು ತಿರುಪಿನ ಸುತ್ತುಗಳ ಘರ್ಷಣೆಗೂ ವ್ಯಯವಾಗುತ್ತದೆ. ಬೋಲ್ಟನ್ನು ಎಳೆದು ಹಿಗ್ಗಿಸಿ ಭಾಗಗಳನ್ನು ಬಿಗಿಯಾಗಿ ಹಿಡಿಸಲು ಉಳಿಯುವುದು ಹತ್ತು ಪಾಲು ಮಾತ್ರ. ಅಂದರೆ ಬೋಲ್ಟಿನ ಹಿಡಿತದ ಗುಟ್ಟೆಲ್ಲ ಘರ್ಷಣೆಯಲ್ಲಿದೆ. ಅದರ ಮೇಲೆ ತುಕ್ಕು ಸೇರುತ್ತದೆ. ಕಬ್ಬಿಣವು ಆಕ್ಸೈಡಾಗಿ ಮಾರ್ಪಟ್ಟಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ನೀರಿನಂಶ ಕೂಡಿದ ತುಕ್ಕಾದರೆ ಇನ್ನೂ ಹೆಚ್ಚು. ತಿರುಪಿನ ಸುತ್ತುಗಳ ನಡುವಣ ಕೂದಲೆಳೆಯಂತಹ ಸಂದಿನಲ್ಲಿ ಈ ಹೊಸ ಪದಾರ್ಥಕ್ಕೆ ಜಾಗವೆಲ್ಲಿದೆ? ಅದು ಬೆಣೆಯಂತೆ ಎರಡು ಕಡೆಗೂ ಒತ್ತಿ ನಿಲ್ಲುತ್ತದೆ.

ಮೋಟಾರ್ ಸೈಕಲ್ಲಿನ ಎಂಜಿನಿಗೆ ಸೈಲೆನ್ಸರನ್ನು ಕೂಡಿಸುವ ಬೋಲ್ಟುಗಳ ಅವಸ್ಥೆ ಇದಕ್ಕಿಂತಲೂ ಕಷ್ಟದ್ದು. ಅಲ್ಲಿ ಬೋಲ್ಟು ಉಕ್ಕಿನದು, ಅದು ಕೂರುವ ಎಂಜಿನಿನ ಮೈ ಅಲ್ಯೂಮಿನಿಯಮಿನದು. ಎರಡು ಭಿನ್ನ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ವಿದ್ಯುತ್ಕೋಶವೇ ಆಗುತ್ತದೆ. ಅಲ್ಯೂಮಿನಿಯಮ್ ಸವೆದು, ಬಿಳಿಯ ಹುಡಿಯಾಗಿ ಸಂದನ್ನು ತುಂಬುತ್ತದೆ. ಕಾರವಾರ, ಉಡುಪಿ, ಮಂಗಳೂರುಗಳಂತಹ ಕಡಲತೀರದ ಊರುಗಳಲ್ಲಿ ಗಾಳಿಯೇ ಉಪ್ಪಿನ ಕಣಗಳನ್ನು ಹೊತ್ತು ತರುವುದರಿಂದ ಅಲ್ಲಿನ ವಾಹನಗಳು ಈ ಬಾಧೆಗೆ ಬೇಗನೆ ತುತ್ತಾಗುತ್ತವೆ. ದಿನವೂ ಕಾಯುವುದು, ದಿನವೂ ಆರುವುದು, ಮಳೆಗಾಲದಲ್ಲಿ ಕೆಸರು ಸಿಡಿಯುವುದು, ಇವೆಲ್ಲ ಕೂಡಿ ಬೋಲ್ಟು ಕೆಲವೇ ವರ್ಷಗಳಲ್ಲಿ ಕಚ್ಚಿಕೊಳ್ಳುತ್ತದೆ.

ಇನ್ನು ಬಲದ ವಿಚಾರ. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 20 ಕಿಲೋಗ್ರಾಮಿನ ತೂಕದಷ್ಟು ಬಲವನ್ನು ಹಾಕಿದರೆ ತಿರುಗುಬಲವು ಸುಮಾರು 29 ನ್ಯೂಟನ್-ಮೀಟರ್. ಕೊಳವೆ ಸಿಕ್ಕಿಸಿ ಉದ್ದವನ್ನು 60 ಸೆಂಟಿಮೀಟರಿಗೆ ಏರಿಸಿದರೆ ಅದು 118 ಆಗುತ್ತದೆ. ಬೋಲ್ಟಿನ ತಲೆಯ ಮೇಲೆ ‘8.8’ ಎಂದು ಒತ್ತಿರುವುದನ್ನು ನೀವು ನೋಡಿರಬಹುದು. ಆ ಉಕ್ಕು ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ನುಗಳವರೆಗೆ ಎಳೆತವನ್ನು ತಾಳಬಲ್ಲದು, ಆದರೆ ಅದರ ನೂರಕ್ಕೆ ಎಂಬತ್ತರಷ್ಟಕ್ಕೇ ಶಾಶ್ವತವಾಗಿ ಹಿಗ್ಗತೊಡಗುತ್ತದೆ ಎಂಬುದು ಆ ಅಂಕಿಗಳ ಅರ್ಥ. ಈ ದರ್ಜೆಯ 8 ಮಿಲಿಮೀಟರಿನ ಬೋಲ್ಟನ್ನು ಸಾಮಾನ್ಯವಾಗಿ ಬಿಗಿಯುವುದು 25 ನ್ಯೂಟನ್-ಮೀಟರಿನ ಆಸುಪಾಸಿನಲ್ಲಿ. ಅದರ ಎರಡು ಪಟ್ಟು ತಲಪುವ ಹೊತ್ತಿಗೆ ಕತ್ತು ತಿರುಚಿ ಮುರಿಯುವ ಅಪಾಯ ಪ್ರಬಲವಾಗಿರುತ್ತದೆ. ಕೊಳವೆ ಕೊಡುವುದಾದರೋ ನಾಲ್ಕು ಪಟ್ಟಿಗೂ ಹೆಚ್ಚು. ಸನ್ನೆಯು ನಮ್ಮ ಬಲವನ್ನು ವೃದ್ಧಿಪಡಿಸುವುದೇನೋ ಸರಿಯೆ. ಬೋಲ್ಟಿನ ತಾಳಿಕೆಯನ್ನು ಅದು ವೃದ್ಧಿಪಡಿಸಲಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ ದಿಕ್ಕನ್ನು ನಿಶ್ಚಯಿಸಿಕೊಳ್ಳಬೇಕು. ಬೈಸಿಕಲ್ಲಿನ ಎಡ ಪೆಡಲಿನ ತಿರುಪು ಎಡಮುರಿಯದು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ತಿರುಗಿಸಿದರೇ ಅದು ಸಡಿಲವಾಗುವುದು. ಇದನ್ನರಿಯದೆ ಎಷ್ಟೋ ಮಂದಿ ಬಿಚ್ಚುತ್ತಿದ್ದೇವೆಂದು ನಂಬಿ ಬಿಗಿಯುತ್ತಿರುತ್ತಾರೆ. ಎರಡನೆಯದಾಗಿ, ತಂತಿ ಬ್ರಷ್ಷಿನಿಂದ ಕಾಣುವ ತುಕ್ಕನ್ನೆಲ್ಲ ಉಜ್ಜಿ ತೆಗೆದು, ತಲೆಯ ಆರು ಮುಖಗಳನ್ನೂ ಸರಿಯಾಗಿ ತಬ್ಬುವ ಸ್ಪ್ಯಾನರನ್ನೇ ಹಾಕಬೇಕು. ಸಡಿಲವಾದ ಸ್ಪ್ಯಾನರು ಮೂಲೆಗಳನ್ನು ಸವೆಸಿ ತಲೆಯನ್ನು ಗುಂಡಗೆ ಮಾಡಿಬಿಡುತ್ತದೆ.

ಮೂರನೆಯದು ಎಣ್ಣೆ, ಮತ್ತು ಅದಕ್ಕಿಂತ ಮುಖ್ಯವಾಗಿ ಕಾಲ. ತೆಳುವಾದ ಎಣ್ಣೆಯು ಕೇಶಾಕರ್ಷಣದಿಂದ ಸಂದಿನೊಳಕ್ಕೆ ತಾನಾಗಿಯೇ ಸಾಗುತ್ತದೆ. ಆದರೆ ಅದರ ವೇಗ ಒಂದೇ ಸಮನಾಗಿರುವುದಿಲ್ಲ. ಎಣ್ಣೆ ಸಾಗಿದ ದೂರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆಂಬುದನ್ನು 1918ರಲ್ಲಿ ಲೂಕಾಸ್, 1921ರಲ್ಲಿ ವಾಶ್‌ಬರ್ನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಮೊದಲ ಒಂದು ಮಿಲಿಮೀಟರಿಗೆ ಹತ್ತು ನಿಮಿಷ ಹಿಡಿಯಿತೆಂದು ಭಾವಿಸಿದರೆ, ಎರಡು ಮಿಲಿಮೀಟರಿಗೆ ನಲವತ್ತು ನಿಮಿಷ, ನಾಲ್ಕು ಮಿಲಿಮೀಟರಿಗೆ ನೂರರುವತ್ತು ನಿಮಿಷ ಬೇಕು. ಸಂದು ಕಿರಿದಾದಷ್ಟೂ, ತುಕ್ಕು ಅಡ್ಡಗಟ್ಟಿದಷ್ಟೂ ಇನ್ನೂ ನಿಧಾನ. ಎಣ್ಣೆ ಬಿಟ್ಟ ಐದು ನಿಮಿಷಕ್ಕೆ ಸ್ಪ್ಯಾನರು ಹಿಡಿಯುವವನು ಎಣ್ಣೆಯನ್ನು ಹಾಳುಮಾಡಿದನೇ ಹೊರತು ಬೋಲ್ಟಿಗೆ ಉಪಕಾರ ಮಾಡಲಿಲ್ಲ. ಸಂಜೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲನೆ ಕೆಲವು ಪೆಟ್ಟು ಕೊಟ್ಟು, ಬೆಳಗ್ಗೆ ಬಿಚ್ಚಲು ಬರುವುದು ಲೇಸು. ಪೆಟ್ಟಿನ ಅದುರಿಗೆ ತುಕ್ಕಿನ ಹೆಪ್ಪು ಬಿರುಕು ಬಿಡುತ್ತದೆ; ಆ ಬಿರುಕಿನಲ್ಲಿ ಎಣ್ಣೆಗೆ ದಾರಿಯಾಗುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಗೆ ಇಲ್ಲಿ ಗಣಿತದ ಸಾಕ್ಷಿಯೇ ಉಂಟು.

ನಾಲ್ಕನೆಯದು ಉಷ್ಣ. ತೂತಿರುವ ಲೋಹವನ್ನು ಕಾಯಿಸಿದರೆ ತೂತು ಕಿರಿದಾಗುತ್ತದೆಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಇದು ತಪ್ಪು. ಎತ್ತಿನ ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವಾಗ ನಮ್ಮ ಕಮ್ಮಾರರು ಅದನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ತೊಡಿಸಿದ ಮೇಲೆ ನೀರು ಹೊಯ್ದು ಕುಗ್ಗಿಸುತ್ತಿದ್ದರು. ಬೋಲ್ಟಿನ ತೂತೂ ಆ ಪಟ್ಟಿಯ ಹಾಗೆಯೇ ಹಿಗ್ಗುತ್ತದೆ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಮಿನ ಮೈ, ಎರಡನ್ನೂ 100 ಸೆಲ್ಸಿಯಸ್ ಡಿಗ್ರಿಗಳಷ್ಟು ಹೆಚ್ಚಾಗಿ ಕಾಯಿಸಿದರೆ 8 ಮಿಲಿಮೀಟರಿನ ತೂತು 0.018 ಮಿಲಿಮೀಟರ್ ಹಿಗ್ಗುತ್ತದೆ, ಬೋಲ್ಟು 0.010 ಮಿಲಿಮೀಟರ್ ಮಾತ್ರ. ವ್ಯತ್ಯಾಸವು ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆದರೂ ತುಕ್ಕಿನ ಬೆಸುಗೆಯನ್ನು ಸಡಿಲಿಸಲು ಅದು ಅನೇಕ ವೇಳೆ ಸಾಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎಣ್ಣೆ ಬಿಟ್ಟ ಜಾಗಕ್ಕೆ, ಪೆಟ್ರೋಲಿನ ಸಮೀಪಕ್ಕೆ, ಗಾಳಿ ತುಂಬಿದ ಟೈರಿನ ಬಳಿಗೆ ಜ್ವಾಲೆಯನ್ನು ಒಯ್ಯಕೂಡದು. ಮನೆಯ ಅಂಗಳದಲ್ಲಿ ಬೆಂಕಿಯ ಪ್ರಯೋಗಕ್ಕೆ ಇಳಿಯುವುದಕ್ಕಿಂತ ಗ್ಯಾರೇಜಿಗೆ ಕೊಂಡೊಯ್ಯುವುದೇ ವಿವೇಕ.

ಕಡೆಗೆ ತಿರುಗಿಸುವಾಗಲೂ ಒಂದೇ ದಿಕ್ಕಿಗೆ ಜಗ್ಗಬಾರದು. ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಮತ್ತೆ ಬಿಚ್ಚುವ ಕಡೆಗೆ ತಿರುಗಿಸಿ, ಹೀಗೆ ಹಿಂದು ಮುಂದಾಗಿ ನಡೆಸಿದರೆ ತುಕ್ಕು ಪುಡಿಯಾಗಿ ಹೊರಬೀಳುತ್ತದೆ. ಒಮ್ಮೆ ಕದಲಿತೆಂದರೆ ಅರ್ಧ ಗೆದ್ದಂತೆ. ಸ್ಥಿತ ಘರ್ಷಣೆಗಿಂತ ಚಲನ ಘರ್ಷಣೆ ಕಡಿಮೆಯೆಂಬುದು ಪಠ್ಯಪುಸ್ತಕದ ಮಾತೇ ಅಲ್ಲವೆ?

‘ಇದಕ್ಕೆಲ್ಲ ಮೆಕ್ಯಾನಿಕ್ಕುಗಳಿದ್ದಾರೆ, ವಿದ್ಯಾರ್ಥಿಯ ಕೆಲಸ ಓದುವುದು’ ಎಂದು ಹೇಳುವವರಿದ್ದಾರೆ. ‘ಗ್ಯಾರೇಜಿನ ಕೆಲಸಗಾರನಿಗೆ ಸೂತ್ರಗಳೊಂದೂ ಗೊತ್ತಿಲ್ಲ, ಆದರೂ ಅವನು ಬಿಚ್ಚುತ್ತಾನೆ, ಹಾಗಿದ್ದ ಮೇಲೆ ಸೂತ್ರದಿಂದ ಏನು ಪ್ರಯೋಜನ?’ ಎಂದು ಕೇಳುವವರೂ ಇದ್ದಾರೆ. ಎರಡು ವಾದಗಳೂ ಒಂದೇ ತಪ್ಪಿನಿಂದ ಹುಟ್ಟಿದವು. ಆ ಕೆಲಸಗಾರನ ಕೈ ಘರ್ಷಣೆಯನ್ನೂ ಉಷ್ಣವನ್ನೂ ಬಲ್ಲದು. ಎಷ್ಟೋ ಬೋಲ್ಟುಗಳನ್ನು ಮುರಿದ ಅನುಭವದಿಂದ ಆ ತಿಳಿವು ಬಂದಿದೆ. ವಿದ್ಯಾರ್ಥಿಯ ತಲೆಗೂ ಅವು ಗೊತ್ತು, ಆದರೆ ಕೈಗೆ ಇಳಿದಿಲ್ಲ. ಕೈಗೂ ತಲೆಗೂ ಮಾತುಕತೆ ನಿಂತುಹೋದ ನಾಡಿನಲ್ಲಿ ಯಂತ್ರಗಳನ್ನು ಕೊಳ್ಳುವವರು ಹೆಚ್ಚುತ್ತಾರೆ, ತಿಳಿದವರು ಹೆಚ್ಚುವುದಿಲ್ಲ. 2022ರಲ್ಲಿ ಭಾರತ ಸರ್ಕಾರವು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಹಕ್ಕು ದೊರೆಯುವುದು ಒಳ್ಳೆಯದೇ. ಆದರೆ ಬೋಲ್ಟು ಬಿಚ್ಚಲರಿಯದವನಿಗೆ ಆ ಹಕ್ಕಿನಿಂದ ಆಗುವ ಉಪಯೋಗ ಅಲ್ಪ.

ಆದುದರಿಂದ ನಾವು ಒಂದು ಸಲಹೆಯನ್ನು ಮುಂದಿಡುತ್ತೇವೆ. ಪ್ರತಿಯೊಂದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲೂ ಇದನ್ನೊಂದು ಪ್ರಯೋಗವಾಗಿ ನಡೆಸಲಿ. ಒಂದೇ ಅಳತೆಯ ಹನ್ನೆರಡು ಉಕ್ಕಿನ ಬೋಲ್ಟುಗಳನ್ನೂ ನಟ್ಟುಗಳನ್ನೂ ತಂದು, ಸ್ಪ್ಯಾನರಿನ ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ, ಎಲ್ಲವನ್ನೂ ಒಂದೇ ತಿರುಗುಬಲದಿಂದ ಬಿಗಿಯಬೇಕು. ಒಂದು ತಿಂಗಳ ಕಾಲ ದಿನವೂ ಉಪ್ಪುನೀರು ಚಿಮುಕಿಸಿ ತುಕ್ಕು ಹಿಡಿಸಬೇಕು. ಅನಂತರ ಮೂರು ಮೂರರ ನಾಲ್ಕು ಗುಂಪು ಮಾಡಿ, ಮೊದಲನೆಯದನ್ನು ಹಾಗೆಯೇ, ಎರಡನೆಯದನ್ನು ಎಣ್ಣೆಯಲ್ಲಿ ಹತ್ತು ನಿಮಿಷ ನೆನೆಸಿ, ಮೂರನೆಯದನ್ನು ಒಂದು ದಿನ ನೆನೆಸಿ, ನಾಲ್ಕನೆಯದನ್ನು ಎಣ್ಣೆಯಿಲ್ಲದೆ ಸುತ್ತಿಗೆಯಿಂದ ತಟ್ಟಿ ಬಿಚ್ಚಬೇಕು. ಕದಲುವ ಕ್ಷಣದಲ್ಲಿ ತಕ್ಕಡಿ ತೋರಿಸಿದ ಅಂಕಿಯನ್ನು ಬರೆದುಕೊಂಡು, ಸ್ಪ್ಯಾನರಿನ ಉದ್ದದಿಂದ ಗುಣಿಸಿ, ನಕ್ಷೆ ಎಳೆಯಬೇಕು. ಖರ್ಚು ಅತ್ಯಲ್ಪ. ಮುಂದೆ ಬರುವ ಫಲಿತಾಂಶವು ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುವುದಿಲ್ಲ. ವಿದ್ಯಾರ್ಥಿಗಳೇ ಅದನ್ನು ಕಂಡುಕೊಳ್ಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳೊಡನೆ ಕಲಿಯಬೇಕೆಂದು ಹೇಳಿದೆ. ಬಡಗಿ ಕುಂಬಾರರೊಡನೆ ಊರಿನ ಮೆಕ್ಯಾನಿಕ್ಕನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳುವುದು ಯುಕ್ತ.

ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕುವಾಗ ಸುತ್ತುಗಳನ್ನು ಶುಚಿಮಾಡಿ, ಸವೆದಿದ್ದರೆ ಅದೇ ದರ್ಜೆಯ ಹೊಸದನ್ನು ತಂದು, ಕಚ್ಚಿಕೊಳ್ಳದಂತೆ ತಡೆಯುವ ಲೇಪವನ್ನು ತೆಳುವಾಗಿ ಹಚ್ಚಬೇಕು. ಲೇಪದಿಂದ ಘರ್ಷಣೆ ಇಳಿಯುವುದರಿಂದ ಮೊದಲಿನಷ್ಟೇ ತಿರುಗುಬಲ ಹಾಕಿದರೆ ಬೋಲ್ಟು ಮಿತಿಮೀರಿ ಹಿಗ್ಗೀತು. ಬಿಗಿತವನ್ನು ಸ್ವಲ್ಪ ಕಡಿಮೆ ಮಾಡಬೇಕು. ಏಕೆಂಬುದನ್ನು, ಮೇಲೆ ಹೇಳಿದ ಐವತ್ತು, ನಲವತ್ತು, ಹತ್ತರ ಲೆಕ್ಕವನ್ನು ನೆನೆದು ವಾಚಕರೇ ವಿಚಾರ ಮಾಡಲಿ.