ಅವ್ವ ದಾಟಲಾಗದ ರಸ್ತೆ

ಅವ್ವ ಮೊದಲ ಸಲ ಅಮೆರಿಕಕ್ಕೆ ಬಂದದ್ದು 2016ರ ಬೇಸಿಗೆಯಲ್ಲಿ. ಒಂದು ಭಾನುವಾರ ಅವಳನ್ನು ಕರೆದುಕೊಂಡು ಫರ್ನ್‌ಡೇಲಿಗೆ ಹೋಗಿದ್ದೆ. ಡೆಟ್ರಾಯಿಟ್ ನಗರದ ಗಡಿ ದಾಟಿದೊಡನೆ ಸಿಗುವ ಸಣ್ಣ ಊರದು. ಕಾರು ನಿಲ್ಲಿಸಲು ಜಾಗ ಸಿಕ್ಕಿದ್ದು ವುಡ್‌ವರ್ಡ್ ಅವೆನ್ಯೂವಿನ ಈ ಬದಿಗೆ, ಹೋಗಬೇಕಾದ ಹೋಟೆಲು ಆ ಬದಿಗೆ. ನಡುವೆ ಅತ್ತ ನಾಲ್ಕು, ಇತ್ತ ನಾಲ್ಕು ಲೇನು, ಅವುಗಳ ಮಧ್ಯೆ ಹುಲ್ಲಿನ ಪಟ್ಟಿ. ಅವ್ವನಿಗೆ ಸೀರೆಯ ಮೇಲೆ ನನ್ನ ಹಳೆಯ ಸ್ವೆಟರು, ಕಾಲಲ್ಲಿ ಹೊಸ ಬೂಟು, ಮೊದಲೇ ಮೊಣಕಾಲು ನೋವು. ನೈನ್ ಮೈಲ್ ರಸ್ತೆ ಕೂಡುವಲ್ಲಿನ ಸಿಗ್ನಲ್ಲಿನಲ್ಲಿ ಬಿಳಿ ಮನುಷ್ಯ ಮೂಡಿದ ಕೂಡಲೇ ಹೊರಟೆವು. ಎರಡು ಲೇನು ಕಳೆಯುವಷ್ಟರಲ್ಲಿ ಕೆಂಪು ಕೈ ಮಿನುಗತೊಡಗಿತು, ಪಕ್ಕದಲ್ಲಿ ಸೆಕೆಂಡುಗಳು ಇಳಿಯತೊಡಗಿದವು. ಅವ್ವ ನನ್ನ ತೋಳು ಬಿಗಿಯಾಗಿ ಹಿಡಿದಳು. ಹುಲ್ಲಿನ ಪಟ್ಟಿ ಮುಟ್ಟುವುದರೊಳಗೆ ಹೊತ್ತು ಮುಗಿದಿತ್ತು. ಎರಡೂ ಕಡೆ ಕಾರುಗಳು ಭರ್ರನೆ ಓಡತೊಡಗಿದವು. ನಡುಗಡ್ಡೆಯಲ್ಲಿ ಸಿಕ್ಕಿಬಿದ್ದವರಂತೆ ನಿಂತೆವು.

“ಇದಕ್ಕ ರಸ್ತಾ ಅಂತೀರೇನೋ ನೀವು? ಹೊಳಿ ಅನ್ನಬೇಕಿದಕ್ಕ. ದಾಟಸಾಕ ಅಂಬಿಗ ಬೇಕು” ಅಂದಳು.

ಆ ಆರು ತಿಂಗಳು ಅವ್ವ ಒಬ್ಬಳೇ ಮನೆಯಿಂದ ಎಲ್ಲಿಗೂ ಹೋಗಲಿಲ್ಲ. ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್ ಊರುಗಳ ಕನ್ನಡದ ಮನೆಗಳಲ್ಲಿ ಇದೇನೂ ಹೊಸ ಮಾತಲ್ಲ. ವೀಸಾ ಪಡೆದು ಬಂದ ಅಪ್ಪ ಅಮ್ಮಂದಿರು ಕಿಟಕಿಯ ಪಕ್ಕ ಕೂತು ಮಗನೋ ಸೊಸೆಯೋ ಆಫೀಸಿನಿಂದ ಬರುವುದನ್ನು ಕಾಯುತ್ತಾರೆ. ತರಕಾರಿ ಅಂಗಡಿ ಕಣ್ಣಿಗೆ ಕಾಣುತ್ತಿರುತ್ತದೆ, ಆದರೆ ಅಲ್ಲಿಗೆ ನಡೆದುಹೋಗಲು ಫುಟ್‌ಪಾತ್ ಇಲ್ಲ. ಧಾರವಾಡದಲ್ಲಿ ದಿನಾ ಸಂಜೆ ಎರಡು ಸುತ್ತು ತಿರುಗಾಡಿ ಬರುತ್ತಿದ್ದವಳು ಇಲ್ಲಿ ಗರಾಜಿನ ಮುಂದೆ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ಓಡಾಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ತಪ್ಪಿತಸ್ಥನಂತೆ ಅನಿಸುತ್ತಿತ್ತು.

ವುಡ್‌ವರ್ಡ್ ಸಾಮಾನ್ಯ ರಸ್ತೆಯಲ್ಲ. ಡೆಟ್ರಾಯಿಟ್ ನದಿಯ ದಡದಿಂದ ಪಾಂಟಿಯಾಕ್ ಊರಿನವರೆಗೆ 27 ಮೈಲಿ, ಅಂದರೆ 43 ಕಿಲೋಮೀಟರ್ ಉದ್ದ. 1909ರಲ್ಲಿ ಅಮೆರಿಕದ ಮೊದಲ ಕಾಂಕ್ರೀಟ್ ಹೆದ್ದಾರಿ ಎಂದು ಒಂದು ಮೈಲಿ ಹಾಸಿದ್ದು ಇದೇ ರಸ್ತೆಯಲ್ಲಿ, ಸಿಕ್ಸ್ ಮೈಲ್ ಮತ್ತು ಸೆವೆನ್ ಮೈಲ್ ರಸ್ತೆಗಳ ನಡುವೆ. ಕೆಂಪು, ಹಳದಿ, ಹಸಿರು ಮೂರೂ ಬಣ್ಣದ ನಾಲ್ಕು ಮುಖದ ಸಿಗ್ನಲ್ ದೀಪವನ್ನು ವಿಲಿಯಂ ಪಾಟ್ಸ್ ಎಂಬ ಡೆಟ್ರಾಯಿಟ್ ಪೊಲೀಸ್ ಅಧಿಕಾರಿ 1920ರಲ್ಲಿ ನಿಲ್ಲಿಸಿದ್ದು ಈ ರಸ್ತೆಯ ಮೂಲೆಯಲ್ಲೇ. ಇದರ ಮೇಲೆ ಟ್ರಾಮುಗಳೂ ಓಡುತ್ತಿದ್ದವು. 1956ರ ಏಪ್ರಿಲ್‌ನಲ್ಲಿ ಕೊನೆಯ ಟ್ರಾಮು ಓಡಿತು, ಗಾಡಿಗಳನ್ನು ಮೆಕ್ಸಿಕೊ ನಗರಕ್ಕೆ ಮಾರಿದರು. ಅಲ್ಲಿಂದ ಮುಂದೆ ರಸ್ತೆ ಪೂರ್ತಿಯಾಗಿ ಕಾರಿನದಾಯಿತು. 1995ರಿಂದ ಪ್ರತಿ ಆಗಸ್ಟಿನಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುವುದೂ ಇದರ ಮೇಲೆಯೇ. ಕಾರು ಕಟ್ಟಿ ಹೊಟ್ಟೆ ಹೊರೆದ ಜನರಿಗೆ ಅದರ ಮೇಲೆ ಮಮತೆ ಇರುವುದು ಸಹಜ. ನಮ್ಮವರಲ್ಲಿ ಬಹಳಷ್ಟು ಮಂದಿ ಈ ಊರಿಗೆ ಬಂದದ್ದೂ ಕಾರು ಕಂಪನಿಗಳ ಕೆಲಸ ಹಿಡಿದೇ.

ಅಂಥ ರಸ್ತೆಯನ್ನು 2023ರಲ್ಲಿ ಕಿರಿದು ಮಾಡಿದರು! ಹೇಗೂ ರಾಜ್ಯ ಸಾರಿಗೆ ಇಲಾಖೆ ಡಾಂಬರು ಹಾಕಲು ಹೊರಟಿತ್ತು. ಫರ್ನ್‌ಡೇಲ್ ಮತ್ತು ಪಕ್ಕದ ಪ್ಲೆಸೆಂಟ್ ರಿಡ್ಜ್, ಎರಡೂ ಊರಿನವರು, ಹೇಗೂ ಕೆದರುತ್ತೀರಿ, ಮತ್ತೆ ಗೆರೆ ಎಳೆಯುವಾಗ ಬೇರೆ ಥರ ಎಳೆಯೋಣ ಎಂದು ಪಟ್ಟು ಹಿಡಿದರು. ಎಯ್ಟ್ ಮೈಲ್ ರಸ್ತೆಯಿಂದ ಐ-696 ಹೆದ್ದಾರಿಯವರೆಗೆ ಎಂಟು ಲೇನು ಆರಾದವು. ಉಳಿದ ಜಾಗ ಸೈಕಲ್ಲಿಗೆ ಸಿಕ್ಕಿತು. ಮೊದಲು ಫುಟ್‌ಪಾತ್, ಅದಕ್ಕೆ ಅಂಟಿಕೊಂಡು ಸೈಕಲ್ ದಾರಿ, ಅದರ ಆಚೆ ನಿಲ್ಲಿಸಿದ ಕಾರುಗಳ ಸಾಲು, ಅದರ ಆಚೆ ಓಡುವ ಕಾರುಗಳು. ನಿಂತ ಕಾರುಗಳೇ ಸೈಕಲ್ಲಿನವರಿಗೆ ಗೋಡೆ. ಮನೆ ಕಟ್ಟುವಾಗ ಒಂದು ಗೋಡೆ ಸರಿಸುವುದಕ್ಕೂ ಕಟ್ಟಿದ ಮೇಲೆ ಒಡೆಯುವುದಕ್ಕೂ ಎಷ್ಟು ಫರಕು ಎಂಬುದು ಎಲ್ಲರಿಗೂ ಗೊತ್ತು. ರಸ್ತೆಯದೂ ಹಾಗೆಯೇ. ನಮ್ಮ ಊರುಗಳಲ್ಲಿ ವರ್ಷವಿಡೀ ರಸ್ತೆ ಕೆದರುತ್ತಲೇ ಇರುತ್ತಾರೆ, ಪ್ರತಿ ಸಲವೂ ಇದ್ದದ್ದನ್ನು ಇದ್ದ ಹಾಗೆಯೇ ಮುಚ್ಚುತ್ತಾರೆ. ಅದು ನನಗೆ ಸಂಕಟದ ಸಂಗತಿ.

2024ರಲ್ಲಿ ಅವ್ವ ಎರಡನೆಯ ಸಲ ಬಂದಳು. ಅದೇ ನೈನ್ ಮೈಲ್ ಸಿಗ್ನಲ್ಲಿನಲ್ಲಿ ನಿಂತೆವು. ಮೊಣಕಾಲು ಎಂಟು ವರ್ಷ ಹೆಚ್ಚೇ ಸವೆದಿತ್ತು. ಆದರೂ ಈ ಸಲ ಓಡದೆ ನಡು ಪಟ್ಟಿ ಮುಟ್ಟಿದೆವು. ಅಷ್ಟೇ ಬದಲಾವಣೆ, ಒಂದು ಬದಿಗೆ ಒಂದು ಲೇನು ಕಡಿಮೆ. ವಯಸ್ಸಾದವರಿಗೆ ಅದೇ ಎಷ್ಟೋ.

ಅವತ್ತು ಕಾರು ಬಿಟ್ಟು ಬಸ್ಸಿನಲ್ಲಿ ಡೌನ್‌ಟೌನಿಗೆ ಹೋಗೋಣ ಎಂದು ಕರೆದೊಯ್ದೆ. ವುಡ್‌ವರ್ಡ್ ಮೇಲೆ 2018ರಿಂದ ‘ಫಾಸ್ಟ್’ ಎಂಬ ಹೆಸರಿನ, ಕಡಿಮೆ ನಿಲುಗಡೆಯ ಬಸ್ಸುಗಳಿವೆ. ಒಳ್ಳೆಯ ಬಸ್ಸು. ಆದರೆ ಕಾರುಗಳ ಹಿಂದೆ ಕಾರಿನಂತೆಯೇ ಅದೂ ನಿಂತಿತು. ಅವ್ವ ಕಿಟಕಿಯಿಂದ ಆಚೆ ನೋಡಿ, “ಬಸ್ಸಿಗೆ ಬ್ಯಾರೆ ದಾರಿ ಇಲ್ಲೇನು ಇಲ್ಲಿ? ನಮ್ಮ ಚಿಗರಿಗೆ ಅದಲ್ಲ” ಅಂದಳು.

ಚಿಗರಿ ಎಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್ಸು. ನಾನು ಉತ್ತರ ಕೊಡಲಿಲ್ಲ. ಅವಳ ಮಾತು ನಿಜ. ಫರ್ನ್‌ಡೇಲಿನ ಹೊಸ ನಕ್ಷೆಯಲ್ಲಿ ಸೈಕಲ್ಲಿಗೆ ಜಾಗ ಸಿಕ್ಕಿತು, ಬಸ್ಸಿಗೆ ಸಿಗಲಿಲ್ಲ. ಈ ಭಾಗದಲ್ಲಿ ಬಸ್ಸಿನ ಕಥೆ ಮೊದಲಿನಿಂದಲೂ ಹಾಗೆಯೇ. 2015ರಲ್ಲಿ ಇಲ್ಲಿನ ಪತ್ರಿಕೆಯಲ್ಲಿ ಒಬ್ಬ ಕಾರ್ಖಾನೆ ಕಾರ್ಮಿಕನ ಸುದ್ದಿ ಬಂದಿತ್ತು. ಡೆಟ್ರಾಯಿಟಿನಲ್ಲಿ ಮನೆ, ರೋಚೆಸ್ಟರ್ ಹಿಲ್ಸ್‌ನಲ್ಲಿ ಕೆಲಸ. ಕಾರು ಕೆಟ್ಟುಹೋದ ಮೇಲೆ ಹತ್ತು ವರ್ಷ ಆತ ಬಸ್ಸು ಸಿಗುವಷ್ಟು ದೂರ ಬಸ್ಸಿನಲ್ಲಿ, ಉಳಿದದ್ದನ್ನು ಕಾಲ್ನಡಿಗೆಯಲ್ಲಿ ಕಳೆದ. ಹೋಗಿ ಬರುವುದು ಸೇರಿ ದಿನಕ್ಕೆ 21 ಮೈಲಿ ನಡಿಗೆ, ಹಿಮದಲ್ಲಿಯೂ. ಸುದ್ದಿ ಓದಿದ ಜನ ಕರಗಿ ಲಕ್ಷಾಂತರ ಡಾಲರ್ ಕೂಡಿಸಿ ಕೊಟ್ಟರು, ಒಂದು ಹೊಸ ಕಾರೂ ಬಂತು. ಒಳ್ಳೆಯ ಜನ. ಆದರೆ ಅವನ ಹಿಂದೆ ಇದ್ದ ನೂರಾರು ಮಂದಿಗೆ ಬಸ್ಸು ಬರಲಿಲ್ಲ. ಏಕೆಂದರೆ ಆಗ ಯಾವ ಊರು ಬೇಕಾದರೂ ತನಗೆ ಬಸ್ಸು ಬೇಡ ಎಂದು ಹೊರಗುಳಿಯಬಹುದಿತ್ತು, ರೋಚೆಸ್ಟರ್ ಹಿಲ್ಸ್, ನೋವೈ ಹಾಗೆ ಹೊರಗುಳಿದ ಊರುಗಳು. 2016ರಲ್ಲಿ ಇಡೀ ಪ್ರದೇಶಕ್ಕೆ ಸಾರಿಗೆ ತೆರಿಗೆ ಹಾಕುವ ಪ್ರಸ್ತಾವ ಮತದಾನದಲ್ಲಿ ಕೂದಲೆಳೆಯಲ್ಲಿ ಸೋತಿತು. 2022ರ ನವೆಂಬರಿನಲ್ಲಿ, ಆ ಊರುಗಳಿರುವ ಓಕ್‌ಲ್ಯಾಂಡ್ ಕೌಂಟಿಯ ಮತದಾರರು ಹೊರಗುಳಿಯುವ ಆ ಪದ್ಧತಿಯನ್ನೇ ಕೊನೆಗೊಳಿಸಿದರು. ನಮ್ಮವರು ತುಂಬಿರುವ ನೋವೈಗೂ ಆಮೇಲೆ ಬಸ್ಸು ಬಂತು.

ಬಸ್ಸು ಬಂದರೆ ಸಾಲದು, ಅದಕ್ಕೆ ದಾರಿಯೂ ಬೇಕು. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟ ‘ನ್ಯಾಕ್ಟೊ’ದ ಲೆಕ್ಕ ಹೀಗಿದೆ: ಕಾರುಗಳೇ ಹೆಚ್ಚಿರುವ ಒಂದು ಲೇನು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಬಲ್ಲದು, ಅದೇ ಲೇನನ್ನು ಬಸ್ಸಿಗೆ ಬಿಟ್ಟುಕೊಟ್ಟರೆ 4,000ರಿಂದ 8,000. ರಸ್ತೆ ಅದೇ, ಅಗಲವೂ ಅದೇ.

ಬಸ್ಸಿಗೆ ದಾರಿ ಸಿಗದಿರುವುದು ಡೆಟ್ರಾಯಿಟಿನ ಕಥೆ ಮಾತ್ರವಲ್ಲ. ಇಲ್ಲಿಂದ ನಾಲ್ಕೂವರೆ ತಾಸಿನ ದಾರಿ ಷಿಕಾಗೊ. ಸರೋವರದ ಅಂಚಿಗೆ ಹರಿಯುವ ಲೇಕ್ ಶೋರ್ ಡ್ರೈವ್ ನೋಡಲು ಬಲು ಚಂದ. ಅದರ ಉತ್ತರ ಭಾಗವನ್ನು ಹೊಸದಾಗಿ ರೂಪಿಸುವ ಅಧ್ಯಯನ 2013ರಲ್ಲೇ ಶುರುವಾಯಿತು. ಕೋವಿಡ್‌ಗೆ ಮೊದಲು ಆ ದಾರಿಯ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 70 ಸಾವಿರ ಪ್ರಯಾಣ. ಆದರೂ 2024ರಲ್ಲಿ ಅಧಿಕಾರಿಗಳು ಮುಂದಿಟ್ಟ ನಕ್ಷೆಯಲ್ಲಿ ಎಂಟು ಲೇನೂ ಹಾಗೆಯೇ ಇದ್ದವು, ಬಸ್ಸಿಗೆ ಮೀಸಲಾದ ಲೇನು ಇರಲಿಲ್ಲ. ಜನ ಸಿಟ್ಟಾದರು, ಆಗಬೇಕಾದದ್ದೇ. 147ನೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಕಿಟಕಿಯಾಚೆ ಒಬ್ಬೊಬ್ಬರೇ ಕೂತ ಕಾರುಗಳ ಸಾಲನ್ನು ನಾನೂ ನೋಡಿದ್ದೇನೆ. ಅದೇ ಷಿಕಾಗೊ ಡೌನ್‌ಟೌನಿನಲ್ಲಿ 2015ರ ಡಿಸೆಂಬರಿನಲ್ಲಿ ‘ಲೂಪ್ ಲಿಂಕ್’ ತೆರೆಯಿತು. ಕೆಂಪು ಬಣ್ಣದ ಬಸ್ ಲೇನು, ಎತ್ತರದ ಕಟ್ಟೆ, ಪಕ್ಕದಲ್ಲಿ ಸೈಕಲ್ ದಾರಿ, ಎಲ್ಲ ಅಚ್ಚುಕಟ್ಟು. ಆದರೆ ಬರೀ ಬಣ್ಣಕ್ಕೆ ಯಾರೂ ಹೆದರುವುದಿಲ್ಲ. ಟ್ಯಾಕ್ಸಿಗಳು, ಸಾಮಾನಿನ ವ್ಯಾನುಗಳು ಅದರ ಮೇಲೆಯೇ ನಿಂತವು. ಡೌನ್‌ಟೌನಿನಲ್ಲಿ ಬಸ್ ಮತ್ತು ಸೈಕಲ್ ಲೇನು ಅಡ್ಡಗಟ್ಟುವವರನ್ನು ಕ್ಯಾಮೆರಾದಿಂದ ಹಿಡಿಯುವ ಪ್ರಯೋಗ ಶುರುವಾದದ್ದು 2024ರ ಕೊನೆಗೆ.

ಇಷ್ಟೆಲ್ಲ ಬರೆದದ್ದು ಹುಬ್ಬಳ್ಳಿ-ಧಾರವಾಡದ ಜನ ಓದಲಿ ಎಂದು. ನಿಮ್ಮ ಊರುಗಳ ನಡುವೆ 22 ಕಿಲೋಮೀಟರ್ ಉದ್ದ ಬಸ್ಸಿಗೇ ಬೇರೆ ದಾರಿ ಇದೆ. 2018ರ ಅಕ್ಟೋಬರಿನಲ್ಲಿ ಚಿಗರಿ ಓಡಾಟ ಆರಂಭಿಸಿತು, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಬಣ್ಣದ ಗೆರೆಯಲ್ಲ, ಕಟ್ಟೆ ಕಟ್ಟಿ ಬೇಲಿ ಹಾಕಿದ ದಾರಿ. ಷಿಕಾಗೊ ಹತ್ತು ವರ್ಷಕ್ಕೂ ಮೀರಿ ಚರ್ಚಿಸಿ ಪಡೆಯಲಾಗದ್ದು ಅದು. ಅದರಲ್ಲಿ ಕುಂದು ಇದೆ, ನನಗೂ ಗೊತ್ತು. ಅದಕ್ಕಾಗಿ ಎಷ್ಟೊಂದು ಮರ ಕಡಿದರು. ನಡುವಿನ ನಿಲ್ದಾಣಕ್ಕೆ ಹೋಗಬೇಕಾದರೆ ಅವ್ವನಂಥವರು ಅಲ್ಲಿಯೂ ಜೀವ ಕೈಯಲ್ಲಿ ಹಿಡಿದೇ ದಾಟಬೇಕು. ಬಸ್ಸುಗಳು ಹಳತಾಗಿವೆ, ಪಕ್ಕದ ಲೇನುಗಳಲ್ಲಿ ದಟ್ಟಣೆ ಇದೆ. ಅದನ್ನೇ ಮುಂದೆ ಮಾಡಿ, ಖಾಲಿ ಕಾಣುವ ಆ ದಾರಿಗೆ ಎಲ್ಲ ವಾಹನ ಬಿಡಿ ಎಂಬ ಕೂಗು ಮತ್ತೆ ಮತ್ತೆ ಏಳುತ್ತಿದೆ. ದಯವಿಟ್ಟು ಬಿಡಬೇಡಿ. ಬಸ್ಸಿನ ದಾರಿ ಖಾಲಿ ಕಾಣುವುದು ಬಸ್ಸು ನಿಲ್ಲದೆ ಹೋದದ್ದರಿಂದ. ಕಾರು ಬಿಟ್ಟರೆ ಒಂದೇ ತಿಂಗಳಲ್ಲಿ ಅದೂ ತುಂಬುತ್ತದೆ, ಆಮೇಲೆ ಯಾವ ಸರ್ಕಾರವೂ ಮರಳಿ ಕಸಿದುಕೊಳ್ಳಲಾರದು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರ ಕೊನೆಗೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸಿಗೆಂದು ಲೇನು ಗುರುತು ಮಾಡಿ ಗೂಟ ನೆಟ್ಟಿದ್ದರು. ಮೆಟ್ರೊ ಕಾಮಗಾರಿ ಬಂತು, ಗೂಟಗಳು ಹೋದವು. ಹೊಸ ಬಸ್ಸು ಕೇಳಿ, ನಿಲ್ದಾಣಕ್ಕೆ ಸುಲಭದ ದಾಟುದಾರಿ ಕೇಳಿ, ಪಕ್ಕದಲ್ಲಿ ಸೈಕಲ್ಲಿಗೂ ಜಾಗ ಕೇಳಿ. ಇರುವ ದಾರಿಯನ್ನು ಮಾತ್ರ ಕೊಡಬೇಡಿ.

ಅವ್ವ ಈಗ ಧಾರವಾಡದಲ್ಲಿದ್ದಾಳೆ. ಮೊನ್ನೆ ಫೋನು ಮಾಡಿದಾಗ ಹಿಂದೆ ಬಸ್ಸಿನ ಸದ್ದು. ಟೋಲ್ ನಾಕಾದಲ್ಲಿ ಹತ್ತಿ ಉಣಕಲ್ಲಿಗೆ, ಚಿಗವ್ವನ ಮನೆಗೆ ಹೊರಟಿದ್ದಳು. “ಯಾರ ಕರಕೊಂಡು ಹೊಂಟಾರ?” ಎಂದು ರೂಢಿಯಂತೆ ಕೇಳಿದೆ. “ಯಾರ್ ಬೇಕು?” ಅಂದಳು.