ಬೆಟ್ಟದಿಂದ ಇಳಿಯುವ ಹೊತ್ತು

ಬೇಸಿಗೆ ರಜೆ ಬಂತೆಂದರೆ ನಮ್ಮ ದೊಡ್ಡಆಲಹಳ್ಳಿಯ ರಸ್ತೆಗೆ ಬಿಡುವೇ ಇಲ್ಲ. ಕನಕಪುರದಿಂದ ಸಂಗಮ, ಮೇಕೆದಾಟು ನೋಡಲು ಹೋಗುವವರು ನಮ್ಮೂರನ್ನು ಹಾದು ಹೋಗುತ್ತಾರೆ. ಕೆಲವರು ಸಾತನೂರಿನ ಕಡೆ ತಿರುಗಿ ಕಬ್ಬಾಳು ಬೆಟ್ಟ ಹತ್ತುತ್ತಾರೆ. ಇನ್ನು ಕೆಲವರಿಗೆ ಮಾಗಡಿ ಬಳಿಯ ಸಾವನದುರ್ಗವೇ ಆಗಬೇಕು. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುವ ಕಾಲವೂ ಇದೇ. ರೈತರು ಅಶ್ವಿನಿ, ಭರಣಿ ಎಂದು ಲೆಕ್ಕ ಹಾಕುವ ಏಪ್ರಿಲ್, ಮೇ ತಿಂಗಳ ಮಳೆ ಗುಡುಗು ಸಿಡಿಲನ್ನು ಜೊತೆಗೇ ತರುತ್ತದೆ.

“ಟೀಚರ್ ಆಪಾ, ಮಗಳನ್ನು ಬೆಟ್ಟಕ್ಕೆ ಕಳುಹಿಸಲೋ ಬೇಡವೋ?” ಎಂದು ತಾಯಂದಿರು ನನ್ನನ್ನು ಕೇಳುತ್ತಿರುತ್ತಾರೆ. ಗಂಡುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ಅವರು ಬೈಕು ಹತ್ತಿ ಹೊರಟ ಮೇಲೆಯೇ ಮನೆಗೆ ಗೊತ್ತಾಗುವುದು. ಆದರೆ ಸಿಡಿಲಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಆದ್ದರಿಂದ ಇಬ್ಬರಿಗೂ ಉಪಯೋಗವಾಗುವ ನಾಲ್ಕು ಮಾತು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಬೆಟ್ಟಗಳ ಸ್ವಭಾವ ತಿಳಿದಿರಲಿ. ಜ್ವಾಲಾಮುಖಿ ಎಂದರೆ ಭೂಮಿಯೊಳಗಿನ ಕರಗಿದ ಶಿಲೆ ಹೊರಗೆ ಉಕ್ಕುವುದು. ನಮ್ಮ ಸೀಮೆಯಲ್ಲಿ ಅದೇ ಬಗೆಯ ಕರಗಿದ ಶಿಲೆ ಹೊರಗೆ ಬಾರದೆ ನೆಲದಾಳದಲ್ಲೇ ನಿಧಾನವಾಗಿ ತಣ್ಣಗಾಗಿ ಗ್ರಾನೈಟ್ ಆಯಿತು. ಅದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಮಾತು. ಮೇಲಿನ ನೆಲ ಸವೆದು ಹೋದ ಮೇಲೆ ಒಳಗಿನ ಬಂಡೆ ಬೆಟ್ಟವಾಗಿ ಕಾಣಿಸಿತು. ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡು, ಬಳಿಕ ಕ್ಲೋಸ್‌ಪೇಟೆಯಾದ ರಾಮನಗರದ ಹೆಸರಿನಿಂದಲೇ ಭೂವಿಜ್ಞಾನಿಗಳು ಈ ಶಿಲೆಯನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ.

ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗವೂ ಇಂಥದ್ದೇ ಬೋಳು ಬಂಡೆ. ಬೋಳು ಬಂಡೆ ನೀರನ್ನು ಹೀರುವುದಿಲ್ಲ. ಬಿದ್ದ ಮಳೆಯೆಲ್ಲ ಬಂಡೆಯ ಮೇಲೆಯೇ ಹರಿಯುತ್ತದೆ. ನಾವು ಹತ್ತಿ ಬಂದ ಕೊರಕಲು ದಾರಿಯೇ ನೀರಿನ ದಾರಿಯಾಗುತ್ತದೆ. ಒಣಗಿದ್ದಾಗ ಕಾಲಿಗೆ ಹಿಡಿತ ಕೊಡುತ್ತಿದ್ದ ಪಾಚಿ, ನೆನೆದ ಮೇಲೆ ಸಾಬೂನಿನಂತೆ ಜಾರುತ್ತದೆ. ಮೇಲಾಗಿ ಬಯಲಿನಲ್ಲಿ ಎತ್ತರವಾಗಿ ನಿಂತದ್ದನ್ನೇ ಸಿಡಿಲು ಹೆಚ್ಚಾಗಿ ಹುಡುಕಿಕೊಂಡು ಬರುತ್ತದೆ.

ತುದಿಯಲ್ಲಿ ನಂದಿಯ ಮಂಟಪವಿದೆ, ಮಳೆ ಬಂದರೆ ಅದರೊಳಗೆ ನಿಂತರಾಯಿತು ಎನ್ನುವವರಿದ್ದಾರೆ. ಮಂಟಪ ಮಳೆಯನ್ನು ತಡೆದೀತು, ಸಿಡಿಲನ್ನಲ್ಲ. 2021ರ ಜುಲೈ 11ರಂದು ಜೈಪುರದ ಆಮೇರ್ ಕೋಟೆಯ ಬಳಿ ಬೆಟ್ಟದ ಮೇಲಿನ ಕಾವಲು ಗೋಪುರದಲ್ಲಿದ್ದ ಜನರಿಗೆ ಸಿಡಿಲು ಬಡಿದು 11 ಮಂದಿ ತೀರಿಕೊಂಡರು. ಮಳೆಯಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದವರು ಅವರಲ್ಲಿದ್ದರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ.

ಅಪಾಯ ಎಷ್ಟು ಹತ್ತಿರವಿದೆ ಎಂದು ತಿಳಿಯಲು ಮಕ್ಕಳಿಗೂ ಬರುವ ಒಂದು ಲೆಕ್ಕವಿದೆ. ಮಿಂಚು ಕಂಡ ಕೂಡಲೇ ಸೆಕೆಂಡು ಎಣಿಸಬೇಕು. ಗುಡುಗು ಕೇಳಿದಾಗ ನಿಲ್ಲಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಸಿಗುತ್ತದೆ. ಮೂವತ್ತಕ್ಕಿಂತ ಕಡಿಮೆ ಬಂದರೆ ಅದು ಹತ್ತು ಕಿಲೋಮೀಟರಿನ ಒಳಗಿದೆ. ಮುಂದಿನ ಸಿಡಿಲು ನಮ್ಮ ತಲೆಯ ಮೇಲೆಯೇ ಬಿದ್ದೀತು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತಬಾರದು.

ಎರಡು ವರ್ಷದ ಹಿಂದೆ ಪರೀಕ್ಷೆ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯರೊಂದಿಗೆ ನಾವು ಮೂವರು ಶಿಕ್ಷಕಿಯರು ಸಾವನದುರ್ಗಕ್ಕೆ ಹೋಗಿದ್ದೆವು. ಗುಡುಗು ಕೇಳಿದರೆ ಎಲ್ಲಿದ್ದರೂ ಇಳಿಯುವುದು ಎಂದು ಮೊದಲೇ ಹೇಳಿಟ್ಟಿದ್ದೆವು. ಮುಕ್ಕಾಲು ಭಾಗ ಹತ್ತಿದ್ದೆವು. ಪಶ್ಚಿಮದಲ್ಲಿ ಮೋಡ ಕಟ್ಟಿ ಮಿಂಚಿತು. ಹುಡುಗಿಯರೇ ಎಣಿಸಿದರು, ಇಪ್ಪತ್ನಾಲ್ಕು. ಕೂಡಲೇ ಇಳಿಸಿದೆವು. ಕೆಲವರು ಅತ್ತರು, ಕೆಲವರು ಸಂಜೆಯವರೆಗೂ ಮಾತು ಬಿಟ್ಟರು. ಮೋಡ ಇನ್ನೊಂದು ದಿಕ್ಕಿಗೆ ಸರಿದು ಹೋಯಿತು. ಅಂದು ಒಂದು ಹನಿಯೂ ಬೀಳಲಿಲ್ಲ!

ಮರುದಿನ ಒಬ್ಬ ತಾಯಿ ಬಂದು, “ಮಳೆಯೇ ಬರಲಿಲ್ಲವಂತೆ, ಮಕ್ಕಳನ್ನು ಸುಮ್ಮನೆ ಇಳಿಸಿಬಿಟ್ಟಿರಲ್ಲ ಆಪಾ” ಎಂದರು. ಒಬ್ಬ ತಂದೆಯ ಮಾತು ಇದಕ್ಕೆ ವಿರುದ್ಧ: “ಅಷ್ಟು ಅಪಾಯವಿದ್ದರೆ ಹೆಣ್ಣುಮಕ್ಕಳಿಗೆ ಬೆಟ್ಟವೇ ಬೇಡ.”

ಈ ಎರಡು ಮಾತನ್ನೂ ನಾನು ಒಪ್ಪಲಾರೆ. ಮಳೆ ಬಂತೋ ಇಲ್ಲವೋ ಎಂಬುದರಿಂದ ನಿರ್ಧಾರದ ಸರಿ ತಪ್ಪನ್ನು ಅಳೆಯಲಾಗದು. ಆ ಗಳಿಗೆಯಲ್ಲಿ ಕಣ್ಣಿಗೆ ಕಂಡದ್ದೇನು, ಕಿವಿಗೆ ಕೇಳಿದ್ದೇನು ಎಂಬುದೇ ಮುಖ್ಯ. ಹತ್ತು ಸಲ ಸುಮ್ಮನೆ ಇಳಿದು ಬಂದರೂ ನಷ್ಟವಿಲ್ಲ, ಬೆಟ್ಟ ಅಲ್ಲೇ ಇರುತ್ತದೆ. ಇನ್ನು ಬೆಟ್ಟವೇ ಬೇಡ ಎನ್ನುವುದು ಜಾಗ್ರತೆಯಲ್ಲ, ಭಯ. ಮನೆಯಲ್ಲೇ ಕೂರಿಸಿದ ಹುಡುಗಿಗೆ ಮೋಡ ನೋಡಿ ನಿರ್ಧರಿಸುವುದು ಬರುವುದಿಲ್ಲ. ನಾಳೆ ಅವಳು ಹೊಲದಲ್ಲೋ ಬಸ್ ನಿಲ್ದಾಣದಲ್ಲೋ ಒಬ್ಬಳೇ ಇದ್ದಾಗ ಮರದ ಕೆಳಗೆ ಓಡುತ್ತಾಳೆ. ಅದೇ ಹುಡುಗಿಯರು ಮರುವರ್ಷ ಜನವರಿಯಲ್ಲಿ ತುದಿ ಮುಟ್ಟಿ ಬಂದರು. ಕಿರಿಯರಿಗೆ ಸೆಕೆಂಡು ಎಣಿಸುವುದನ್ನು ಈಗ ಅವರೇ ಕಲಿಸುತ್ತಿದ್ದಾರೆ.

ಆದ್ದರಿಂದ ತಾಯಂದಿರೇ, ಕಳುಹಿಸಲೋ ಬೇಡವೋ ಎಂದು ಯೋಚಿಸುವ ಮೊದಲು ಕರೆದೊಯ್ಯುವವರನ್ನು ಇಷ್ಟು ಕೇಳಿ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿದ್ದೀರಾ? ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿದೆಯೇ? ಫಜ್ರ್ ಆದ ಕೂಡಲೇ ಹೊರಟು ಝುಹರ್‌ಗೆ ಮೊದಲು ಕೆಳಗಿರುತ್ತೀರಾ? ಇಳಿಯೋಣ ಎಂದು ಹೇಳುವ ಅಧಿಕಾರ ಯಾರದು? ಮಕ್ಕಳಿಗೂ ತಿಳಿಸಿ: ಗುಡುಗುವಾಗ ಒಂಟಿ ಮರದ ಕೆಳಗೆ ನಿಲ್ಲಬಾರದು, ಗುಂಪಾಗಿ ಕೂರಬಾರದು, ತುದಿಯಿಂದ ಮೊದಲು ಕೆಳಗಿಳಿಯಬೇಕು. ಗಾಜು ಏರಿಸಿದ ಕಾರು, ವ್ಯಾನು ಸುರಕ್ಷಿತ, ಬೈಕು ಅಲ್ಲ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಹೆದರದೆ ಮುಟ್ಟಿ ನೆರವಾಗಬೇಕು, 108ಕ್ಕೆ ಕರೆ ಮಾಡಬೇಕು.

ಇವಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಬುತ್ತಿ ಕಟ್ಟಿ ಮಗಳನ್ನು ಕಳುಹಿಸಿ. ಅರ್ಧ ದಾರಿಯಿಂದ ಮರಳಿ ಬಂದಳೆಂದರೆ ಗೇಲಿ ಮಾಡಬೇಡಿ, ಬೆನ್ನು ತಟ್ಟಿ ಒಳಗೆ ಕರೆದುಕೊಳ್ಳಿ.